ಪಲ್ಲಕ್ಕಿ ಹೊರಲು ಬಳಕೆದಾರರಿದ್ದಾರೆ

ಸುತ್ತೋಲೆ ಬಂದಿದೆ. ಇನ್ನು ಮುಂದೆ ನಮ್ಮ ಕಚೇರಿಯಲ್ಲಿ ಟೆಸ್ಟಿಂಗ್‌ಗೆ (ಅಂದರೆ ಬಿಡುಗಡೆಗೆ ಮೊದಲೇ ತಂತ್ರಾಂಶದ ದೋಷ ಹುಡುಕುವ ಕೆಲಸಕ್ಕೆ) ಬೇರೆ ತಂಡ ಇರುವುದಿಲ್ಲವಂತೆ, 'ಗುಣಮಟ್ಟ ಎಲ್ಲರ ಜವಾಬ್ದಾರಿ'ಯಂತೆ. ಸಾಫ್ಟ್‌ವೇರ್ ಕಚೇರಿಗಳಲ್ಲಿ ಇರುವವರಿಗೆಲ್ಲ ಇಂಥದ್ದೊಂದು ಬಂದೇ ಇರುತ್ತದೆ, ಆದ್ದರಿಂದ ಅದರ ಭಾಷೆಯನ್ನು ಇಲ್ಲಿ ಉದ್ಧರಿಸಿ ನಿಮ್ಮ ಬೆಳಗನ್ನು ಕೆಡಿಸುವುದಿಲ್ಲ. ಕೊನೆಯಲ್ಲಿ 'ಹೆಚ್ಚಿನ ಮಾಹಿತಿಗೆ ಇಲ್ಲಿ ಒತ್ತಿ' ಎಂಬ ಕೊಂಡಿ ಇತ್ತು. ಹಳೆಯ ಚಾಳಿ, ಒತ್ತಿದೆ. 'ನೀವು ಹುಡುಕುತ್ತಿರುವ ಪುಟ ಇಲ್ಲ' ಎಂದು ಬಂತು.

ಎಲ್ಲರ ಜವಾಬ್ದಾರಿ ಎಂಬುದು ಎಷ್ಟು ಚೆಂದದ ಮಾತು! ಆದರೆ ಈ ಚೆಂದದ ಮಾತು ಕಟ್ಟಡದ ಎಲ್ಲ ಮಹಡಿಗಳನ್ನೂ ಹತ್ತುವುದಿಲ್ಲ. ಹಣಕಾಸು ಎಲ್ಲರ ಜವಾಬ್ದಾರಿ ಎಂದು ಲೆಕ್ಕಪತ್ರ ವಿಭಾಗಕ್ಕೆ ಬೀಗ ಹಾಕಿದ ಕಂಪನಿಯನ್ನು ನಾನು ಕಂಡಿಲ್ಲ. ಕಾನೂನು ಎಲ್ಲರ ಜವಾಬ್ದಾರಿ, ನಾಳೆಯಿಂದ ವಕೀಲರು ಬರಬೇಕಿಲ್ಲ ಎಂದವರನ್ನೂ ಕಂಡಿಲ್ಲ. ಟೆಸ್ಟರ್‌ಗಳ ಕುರ್ಚಿ ತೆಗೆಯುವ ದಿನ ಮಾತ್ರ ಈ ಸಮಷ್ಟಿ ಪ್ರಜ್ಞೆ ಜಾಗೃತವಾಗುತ್ತದೆ.

ನಮ್ಮ ತಂಡದಲ್ಲಿ ಹನ್ನೊಂದು ಜನ. ಪ್ರಾಡಕ್ಟ್ ಓನರ್ ಇದ್ದಾರೆ, ಅವರ ಮೇಲೆ ಪ್ರಾಡಕ್ಟ್ ಮ್ಯಾನೇಜರ್ ಇದ್ದಾರೆ. ಪ್ರಾಡಕ್ಟ್ ಇಬ್ಬರಲ್ಲಿ ಯಾರದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ತಡವಾಗಿದೆ ಎಂದು ಹೇಳುತ್ತಾರೆ, ಡೆಲಿವರಿ ಮ್ಯಾನೇಜರ್ ತಡವಾಗುವಂತಿಲ್ಲ ಎಂದು ಹೇಳುತ್ತಾರೆ. ತಂಡದ ಕೆಲಸ ಸುಗಮವಾಗಿ ಸಾಗುವಂತೆ ನೋಡಿಕೊಳ್ಳುವ ಸ್ಕ್ರಮ್ ಮಾಸ್ಟರ್ ಎಂಬುವರು ಹೆಸರಿಗೆ ಮಾಸ್ಟರ್, ಯಾರಿಗೂ ಅಪ್ಪಣೆ ಕೊಡಬಾರದು ಎಂಬುದೇ ಆ ಹುದ್ದೆಯ ತತ್ತ್ವ. ಅವರಿಗೆ ತತ್ತ್ವ ನೆನಪಿಸಲು, ಕೆಲಸವನ್ನು ಸಣ್ಣ ಕಂತುಗಳಲ್ಲಿ ಮುಗಿಸುವ 'ಅಜೈಲ್' ಪದ್ಧತಿಯ ಕೋಚ್ ಇದ್ದಾರೆ. ತಂತ್ರಾಂಶದ ನಕ್ಷೆ ಹಾಕುವ ಆರ್ಕಿಟೆಕ್ಟ್ ಆಗಾಗ ಬಂದು ಬಿಳಿ ಹಲಗೆಯ ಮೇಲೆ ಚೌಕಗಳನ್ನು ಬರೆದು, ನಡುವೆ ಬಾಣ ಹಾಕಿ ಹೋಗುತ್ತಾರೆ. ಬಾಣಕ್ಕೆ ಎರಡೂ ಕಡೆ ಮೂತಿ ಯಾಕಿದೆ ಎಂದು ಕೇಳಬಾರದು. ಬೆಳಗ್ಗೆ ಹದಿನೈದು ನಿಮಿಷ ನಿಂತು ಮಾಡಬೇಕಾದ ಸಭೆ ನಲವತ್ತು ನಿಮಿಷ ಕುಳಿತು ನಡೆಯುತ್ತದೆ. ಕೋಡ್ ಬರೆಯುವವರು ಮೂವರು. ಬರೆದದ್ದನ್ನು ಕೆಡವಿ ನೋಡಲು ನಾನೊಬ್ಬ ಇದ್ದೆ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಎಂದು ಹಿರಿಯರು ಕೇಳಿಟ್ಟು ಹೋಗಿದ್ದ ಪ್ರಶ್ನೆಗೆ ನಮ್ಮ ಉದ್ಯಮ ಉತ್ತರ ಕಂಡುಕೊಂಡಿದೆ: ಬಳಕೆದಾರರು.

ನನ್ನ ಕೆಲಸ ಏನಿತ್ತು ಎಂದು ಕೇಳಿದವರಿಗೆ ಒಂದೇ ಒಂದು ಮಧ್ಯಾಹ್ನದ ಕಥೆ ಹೇಳುತ್ತೇನೆ. ಹಣ ಪಾವತಿಸುವ ಪುಟದಲ್ಲಿ ಗುಂಡಿಯನ್ನು ಬೇಗಬೇಗ ಎರಡು ಸಲ ಒತ್ತಿದರೆ ಹಣವೂ ಎರಡು ಸಲ ಹೋಗುತ್ತಿತ್ತು. ಹೇಗೆ ಮಾಡಿದರೆ ಹೀಗಾಗುತ್ತದೆ ಎಂದು ಆರು ಹಂತಗಳಲ್ಲಿ ಬರೆದು, ಚಿತ್ರ ಅಂಟಿಸಿ, ದೂರು ದಾಖಲಿಸಿದೆ. ಇಪ್ಪತ್ತು ನಿಮಿಷದಲ್ಲಿ ಅದು ಮುಚ್ಚಿಹೋಗಿ ವಾಪಸು ಬಂತು: 'ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿದೆ.' ಎದ್ದು ಕೋಡ್ ಬರೆದವನ ಮೇಜಿನ ಬಳಿಗೇ ಹೋದೆ. ಅವನು ಗುಂಡಿಯನ್ನು ಒಂದೇ ಸಲ, ಮಲಗಿದ ಮಗುವಿನ ಕೆನ್ನೆ ಮುಟ್ಟಿದ ಹಾಗೆ ಒತ್ತಿ, ಕೈ ಕಟ್ಟಿಕೊಂಡು ಕುಳಿತ. ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಬಗ್ಗಿ ಟಪಟಪ ಎರಡು ಸಲ ಒತ್ತಿದೆ. ಎರಡು ರಸೀದಿ ಬಂದವು.

"ಎರಡು ಸಲ ಯಾಕೆ ಒತ್ತಿದಿರಿ? ಯಾವ ಬಳಕೆದಾರ ಹಾಗೆ ಮಾಡುತ್ತಾನೆ ಸಾರ್?" ಎಂದು ನೊಂದುಕೊಂಡು ಕೇಳಿದ.

ನೆಟ್‌ವರ್ಕ್ ನಿಧಾನವಾದಾಗ ಭೂಮಿಯ ಮೇಲಿರುವ ಪ್ರತಿಯೊಬ್ಬರೂ ಹಾಗೆಯೇ ಮಾಡುತ್ತಾರೆ. ಆದರೆ ಪ್ರಾಡಕ್ಟ್ ಓನರ್ ಬಂದರು, ಇದು ಗಂಭೀರ ಹೌದು ಆದರೆ ತುರ್ತಲ್ಲ ಎಂದರು. ಈ ಎರಡರ ವ್ಯತ್ಯಾಸದ ಬಗ್ಗೆ ಒಂದು ಗಂಟೆ ಚರ್ಚೆಯಾಗಿ, ದೋಷವನ್ನು 'ಗೊತ್ತಿರುವ ದೋಷಗಳು' ಎಂಬ ಪಟ್ಟಿಗೆ ಸೇರಿಸಲಾಯಿತು. ಆ ಪಟ್ಟಿಗೆ ಸೇರಿದ ಮೇಲೆ ಅದು ದೋಷವಲ್ಲ, ಮನೆಮಂದಿಯಲ್ಲಿ ಒಬ್ಬ.

ವೇಳಾಪಟ್ಟಿಯ ಮಹಿಮೆ ಇನ್ನೂ ದೊಡ್ಡದು. ಟೆಸ್ಟಿಂಗ್‌ಗೆ ಮೂರು ವಾರ ಎಂದು ಬರೆದಿರುತ್ತಾರೆ. ಕೋಡ್ ಎರಡೂವರೆ ವಾರ ತಡವಾಗಿ ಕೈಗೆ ಬರುತ್ತದೆ. ಬಿಡುಗಡೆಯ ದಿನಾಂಕ ಕದಲುವಂತಿಲ್ಲ, ಅದನ್ನು ಗ್ರಾಹಕರಿಗೆ ಹೇಳಿಯಾಗಿದೆ. ಉಳಿದ ಎರಡು ದಿನಗಳಲ್ಲಿ ನಾವು ನೋಡುತ್ತಿರುವಾಗ ಡೆಲಿವರಿ ಮ್ಯಾನೇಜರ್ ಬೆನ್ನ ಹಿಂದೆ ನಿಂತು ಕೇಳುವ ಪ್ರಶ್ನೆ: "ಟೆಸ್ಟಿಂಗ್ ಯಾಕೆ ಇಷ್ಟು ತಡ?"

ಈಗ ಎಲ್ಲವೂ ಆಟೊಮೇಷನ್, ಟೆಸ್ಟ್‌ಗಳನ್ನೂ ಪ್ರೋಗ್ರಾಮುಗಳೇ ಓಡಿಸುತ್ತವೆ, ಮನುಷ್ಯರು ಬೇಡ ಎನ್ನುತ್ತಾರೆ. ಆಟೊಮೇಷನ್ ಒಳ್ಳೆಯದೇ. ನಾನೂ ಅಂಥ ಟೆಸ್ಟ್‌ಗಳನ್ನು ಸಾವಿರಾರು ಬರೆದಿದ್ದೇನೆ. ಆದರೆ ಕೋಡಿನ ಒಂದು ತುಣುಕನ್ನು ಓಡಿಸಿ, ಬಂದ ಉತ್ತರ ಸರಿಯೇ ಎಂದು ನೋಡದೆ ಸುಮ್ಮನಾಗುವ ಟೆಸ್ಟ್‌ಗಳನ್ನು ಕಂಡಿದ್ದೀರಾ? ಅವು ಎಂದೂ ಸೋಲುವುದಿಲ್ಲ. ಸೋತು ಕೆಂಪಾದ ಟೆಸ್ಟನ್ನು ಗೆದ್ದು ಹಸಿರಾಗುವವರೆಗೆ ಮತ್ತೆ ಮತ್ತೆ ಓಡಿಸುವುದು, ಆಗದಿದ್ದರೆ 'ಸದ್ಯಕ್ಕೆ' ಎಂದು ಬರೆದು ತೆಗೆದುಹಾಕುವುದು, ಇವೂ ಉಂಟು. ಈಚೆಗೆ ಕೃತಕ ಬುದ್ಧಿಮತ್ತೆಯೇ ಕೋಡ್ ಬರೆದು, ಅದಕ್ಕೆ ಟೆಸ್ಟನ್ನೂ ತಾನೇ ಬರೆದುಕೊಳ್ಳುತ್ತದೆ. ತನ್ನ ಪ್ರಶ್ನೆಪತ್ರಿಕೆ ತಾನೇ ತಯಾರಿಸಿ, ಉತ್ತರಿಸಿ, ಅಂಕ ಕೊಟ್ಟುಕೊಂಡ ವಿದ್ಯಾರ್ಥಿ ಫೇಲಾದದ್ದು ಎಲ್ಲಿದೆ?

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೆ ಈ ಕಥೆಯನ್ನು ಬಿಡಲು ಮನಸ್ಸು ಬರುತ್ತಿಲ್ಲ. ಮೈಕ್ರೋಸಾಫ್ಟ್ 2014ರಲ್ಲಿ ವಿಂಡೋಸ್ ವಿಭಾಗದ ಟೆಸ್ಟರ್ ಹುದ್ದೆಗಳಿಗೆ ಕತ್ತರಿ ಹಾಕಿತು. ಅದೇ ವರ್ಷ, ಹೊಸ ಆವೃತ್ತಿಯನ್ನು ಮೊದಲೇ ಹಾಕಿಕೊಂಡು ಸಂಬಳವಿಲ್ಲದೆ ನೋಡಿಕೊಡುವ 'ಇನ್‌ಸೈಡರ್' ಉತ್ಸಾಹಿಗಳನ್ನು ಕೂಡಿಸಿಕೊಂಡಿತು. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಅಪ್‌ಡೇಟ್ ಬಂತು. ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿದ್ದ ಕಡತಗಳು ಅಳಿಸಿಹೋದವು, ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ತಡೆಹಿಡಿಯಿತು. ಹಾಗಾದರೆ ಉತ್ಸಾಹಿಗಳು ಹೇಳಿರಲಿಲ್ಲವೇ? ಹೇಳಿದ್ದರು! ಬಿಡುಗಡೆಗೆ ಮೊದಲೇ ಬರೆದಿದ್ದರು. ಆದರೆ ಆ ವ್ಯವಸ್ಥೆಯಲ್ಲಿ ದೂರು ಮೇಲೆ ಬರಬೇಕಾದರೆ ಬೇರೆಯವರು ಓಟು ಹಾಕಬೇಕು, ಇವುಗಳಿಗೆ ಸಾಕಷ್ಟು ಓಟು ಬಿದ್ದಿರಲಿಲ್ಲ. ನಿಮ್ಮ ಕಡತ ಕಳೆದಿದೆಯೇ? ಮೊದಲು ಬಹುಮತ ಸಾಬೀತುಪಡಿಸಿ. ಆಮೇಲೆ ದೂರಿನ ನಮೂನೆಯಲ್ಲಿ 'ಎಷ್ಟು ಗಂಭೀರ' ಎಂದು ತಿಳಿಸುವ ಜಾಗವನ್ನು ಸೇರಿಸಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೂ ಒಂದು ಅಪ್‌ಡೇಟ್ ಬೇಕು.

ಮನುಷ್ಯರ ಮಾತು ಬೇಡ, ಯಂತ್ರವೇ ಹೇಳಿದರೆ? ಅಮೆರಿಕದ ಷೇರು ವ್ಯವಹಾರದ ಸಂಸ್ಥೆ ನೈಟ್ ಕ್ಯಾಪಿಟಲ್‌ನಲ್ಲಿ 2012ರ ಆಗಸ್ಟ್ 1ರಂದು ಹಾಗೂ ಆಯಿತು. ಹೊಸ ಕೋಡನ್ನು 8 ಸರ್ವರ್‌ಗಳಿಗೆ ಹಾಕಬೇಕಿತ್ತು, ಒಂದಕ್ಕೆ ಹಾಕುವುದು ಮರೆತುಹೋಗಿತ್ತು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಬೇಕು ಎಂಬ ಲಿಖಿತ ನಿಯಮ ಇರಲಿಲ್ಲ. ಮಾರುಕಟ್ಟೆ ತೆರೆಯುವ ಮುಂಚೆಯೇ ಅವರ ವ್ಯವಸ್ಥೆ ತಾನಾಗಿ 97 ಇಮೇಲ್ ಕಳಿಸಿತ್ತು. ಅವನ್ನು ಓದಿ ಎದ್ದು ಓಡುವುದು ಯಾರ ಕೆಲಸವೂ ಆಗಿರಲಿಲ್ಲ. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ಹೋಯಿತು. 97 ಸಲ ಹೇಳಿದ ಆ ಯಂತ್ರದ ಮೇಲೆ ನನಗೆ ಸಹೋದ್ಯೋಗಿಯ ಮೇಲಿರುವಂಥ ಪ್ರೀತಿ ಇದೆ.

ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತೆಯ ಕಂಪನಿಯ ವಿಷಯ ಎಲ್ಲರಿಗೂ ಗೊತ್ತು, ಅದು ಕಳಿಸಿದ ಒಂದು ಅಪ್‌ಡೇಟಿನಿಂದ 2024ರ ಜುಲೈ 19, ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ತೆರೆ ಹೊದ್ದು ಮಲಗಿದವು. ದೋಷವನ್ನು ಹಿಡಿಯಬೇಕಿದ್ದ ಪ್ರೋಗ್ರಾಮಿನಲ್ಲೇ ದೋಷವಿತ್ತು. ಮೊದಲು ಕೆಲವರಿಗೆ ಕಳಿಸಿ ನೋಡೋಣ ಎನ್ನದೆ ಒಟ್ಟಿಗೇ ಎಲ್ಲರಿಗೂ ಕಳಿಸಿದ್ದರು. ಅಂದು ಶುಕ್ರವಾರ, ಕೆಟ್ಟರೆ ವಾರಾಂತ್ಯದಲ್ಲಿ ಸರಿಪಡಿಸಲು ಜನ ಸಿಗುವುದಿಲ್ಲ ಎಂಬುದನ್ನು ಟೆಸ್ಟರ್‌ಗಳಿಗೆ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ನೆರವಾದ ಪಾಲುದಾರರಿಗೆ ಕೃತಜ್ಞತೆಯಿಂದ 10 ಡಾಲರ್‌ನ ಕೂಪನ್ ಕಳಿಸಿದರು. ಕೆಲವರು ಬಳಸಲು ಹೋದರೆ ಕೂಪನ್ ರದ್ದಾಗಿತ್ತು. ಅದನ್ನೂ ಯಾರೂ ಒತ್ತಿ ನೋಡಿರಲಿಲ್ಲವೇನೋ.

ಇಷ್ಟು ಹೊತ್ತು ನಕ್ಕಿದ್ದಾಯಿತು. ಬ್ರಿಟನ್ನಿನ ಅಂಚೆ ಕಚೇರಿ ಸಂಸ್ಥೆಯ 'ಹೊರೈಜನ್' ಎಂಬ ಲೆಕ್ಕಪತ್ರ ತಂತ್ರಾಂಶದ ಬಗ್ಗೆ ನನಗೆ ನಗಲು ಆಗುವುದಿಲ್ಲ. ತಂತ್ರಾಂಶದ ದೋಷದಿಂದ ಲೆಕ್ಕದಲ್ಲಿ ಹಣ ಕಡಿಮೆ ತೋರಿಸುತ್ತಿತ್ತು. ಊರೂರಿನ ಅಂಚೆ ಕಚೇರಿ ನಡೆಸುವವರು ಸಹಾಯವಾಣಿಗೆ ಫೋನು ಮಾಡಿ ಲೆಕ್ಕ ತಾಳೆಯಾಗುತ್ತಿಲ್ಲ ಎಂದು ಅಳುತ್ತಿದ್ದರು. ಅವರಲ್ಲಿ ಎಷ್ಟೋ ಜನರಿಗೆ ಸಿಕ್ಕ ಉತ್ತರ, ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮಗೊಬ್ಬರಿಗೇ. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನ ಕಳ್ಳರೆಂದು, ವಂಚಕರೆಂದು ತೀರ್ಪು ಪಡೆದರು. ಮನೆ ಮಾರಿ ಕಟ್ಟಿದರು, ಜೈಲಿಗೆ ಹೋದರು, ಕೆಲವರು ಪ್ರಾಣ ಬಿಟ್ಟರು. ತಂತ್ರಾಂಶದಲ್ಲಿ ದೋಷವಿತ್ತು ಎಂದು ಹೈಕೋರ್ಟ್ ಹೇಳಿದ್ದು 2019ರಲ್ಲಿ. 'ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿದೆ' ಎಂಬ ಅದೇ ವಾಕ್ಯ, ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಹೀಗೆ ಕೇಳಿಸುತ್ತದೆ. ಹೇಳಿದವರಿದ್ದರು. ಪ್ರತಿ ಸಲವೂ ಹೇಳಿದವರು ಇರುತ್ತಾರೆ. ಅವರ ಮಾತನ್ನು ಕೇಳಿಸಿಕೊಳ್ಳಲು ಒಬ್ಬನಿಗೆ ಸಂಬಳ ಕೊಡುವುದು ಅಷ್ಟು ದುಬಾರಿಯೇ?

ನನ್ನನ್ನು ತೆಗೆದಿಲ್ಲ, ಗಾಬರಿಯಾಗಬೇಡಿ. 'ಗುಣಮಟ್ಟ ಪ್ರೇರಕ' ಎಂಬ ಹೊಸ ಹುದ್ದೆ ಕೊಟ್ಟಿದ್ದಾರೆ. ಎಲ್ಲರಲ್ಲೂ ಗುಣಮಟ್ಟದ ಭಾವನೆ ತುಂಬುವುದು ಕೆಲಸ. ಟೆಸ್ಟ್ ಸರ್ವರ್‌ನ ಲಾಗಿನ್ ಅನ್ನು ಮಾತ್ರ ವಾಪಸು ಪಡೆದರು, ಪ್ರೇರಕರಿಗೆ ಅದರ ಅಗತ್ಯವಿಲ್ಲವಂತೆ.

ಇಂದು ಶುಕ್ರವಾರ. ಸಂಜೆ ಐದೂವರೆಗೆ ಬಿಡುಗಡೆ ಇದೆ. ಸುತ್ತೋಲೆಯ ಆ ಕೊಂಡಿಯನ್ನು ಈಗಷ್ಟೇ ಮತ್ತೊಮ್ಮೆ ಒತ್ತಿ ನೋಡಿದೆ, ಇನ್ನೂ ತೆರೆಯುತ್ತಿಲ್ಲ. ಈ ಸಲ ನಾನು ಯಾರಿಗೂ ಹೇಳಿಲ್ಲ.