ಟಾಂಗಾ ಡ್ರಿಫ್ಟ್ ಹೊಡೆಯುತ್ತಾ?

ಕಾರಿನ ಹುಚ್ಚು ಹಿಡಿದವರ ಜೊತೆ ಮೈಸೂರು ಅರಮನೆ ಹತ್ತಿರ ಟೀ ಕುಡಿಯಬಾರದು. ಎದುರಿಗೆ ಟಾಂಗಾ ಬಂದರೂ ಅದರ ಮೈಲೇಜ್ ಎಷ್ಟು ಅಂತ ಶುರು ಮಾಡುತ್ತಾರೆ.

ನಮ್ಮ ಗುಂಪಿನಲ್ಲಿ ಒಬ್ಬನಿದ್ದಾನೆ. ಅಡ್ಡಹೆಸರು ಜಪಾನು. ಅವನು ನಂಜನಗೂಡು ದಾಟಿ ಆಚೆ ಹೋದದ್ದೇ ಕಡಿಮೆ. ಆದರೆ ಜಪಾನಿನ ಘಟ್ಟದ ರಸ್ತೆಗಳು ಅವನಿಗೆ ಬಾಯಿಪಾಠ. ‘ಡ್ರಿಫ್ಟ್ ಕಿಂಗ್’ ಅನ್ನಿಸಿಕೊಂಡ ಅಲ್ಲಿನ ರೇಸ್ ಚಾಲಕ ಕೆಯಿಚಿ ತ್ಸುಚಿಯಾ ಅವನ ಮನೆದೇವರು. 1983ರಲ್ಲಿ ಬಂದ ಟೊಯೊಟಾ ಎಇ86 ಕಾರಿನ ಫೋಟೊ ಅವನ ಪರ್ಸಿನಲ್ಲಿದೆ. ಹೆಂಡತಿ ಫೋಟೊ ಎಲ್ಲಿದೆ ಅಂತ ನಾವು ಯಾರೂ ಕೇಳಿಲ್ಲ.

ಚಾಮರಾಜ ಸರ್ಕಲ್ಲಿನಲ್ಲಿ ಒಂದು ಟಾಂಗಾ ಸ್ವಲ್ಪ ಜೋರಾಗಿಯೇ ತಿರುಗಿತು. ಜಪಾನು ಲೋಟ ಕೆಳಗಿಟ್ಟ. “ಇನ್ನೊಂಚೂರು ಸ್ಪೀಡ್ ಇದ್ದಿದ್ರೆ ಡ್ರಿಫ್ಟ್ ಆಗ್ತಿತ್ತು, ಅಲ್ವಾ?”

ಅಷ್ಟೇ. ಆ ಬೆಳಗ್ಗೆ ನಮ್ಮ ಕೈ ಬಿಟ್ಟು ಹೋಯಿತು.

ಡ್ರಿಫ್ಟ್ ಅಂದರೆ ತಿರುವಿನಲ್ಲಿ ಹಿಂದಿನ ಚಕ್ರಗಳ ಹಿಡಿತವನ್ನು ಬೇಕಂತಲೇ ತಪ್ಪಿಸುವುದು. ಕಾರಿನ ಹಿಂಭಾಗ ಹೊರಕ್ಕೆ ಜಾರುತ್ತದೆ. ಆಗ ಸ್ಟೇರಿಂಗನ್ನು ಉಲ್ಟಾ ತಿರುಗಿಸಿ, ಆಕ್ಸಿಲರೇಟರ್ ಒತ್ತಿಕೊಂಡೇ ಅಡ್ಡಡ್ಡ ಹೋಗಬೇಕು. ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವ ಗಾಡಿಗೆ ಇದು ಸಲೀಸು. ನಮ್ಮ ಅಂಬಾಸಡರ್, ಒಮ್ನಿ ಎಲ್ಲ ಆ ಜಾತಿಯವೇ. ಪಾಪ, ಆಸ್ಪತ್ರೆಗೆ, ಮದುವೆಗೆ, ತರಕಾರಿ ಮಾರ್ಕೆಟ್ಟಿಗೆ ಓಡಾಡಿಕೊಂಡೇ ಮುದಿಯಾದವು. ಅವುಗಳ ಪ್ರತಿಭೆಯನ್ನು ಯಾರೂ ಗುರುತಿಸಲಿಲ್ಲ.

ಟಾಂಗಾದಲ್ಲಿ ಎಳೆಯುವುದು ಮುಂದೆ, ಹಾಗಾಗಿ ಅದು ಫ್ರಂಟ್ ವೀಲ್ ಡ್ರೈವ್ ಅಂದ ಒಬ್ಬ. ಕುದುರೆಗೆ ನಾಲ್ಕು ಕಾಲು, ನಾಲ್ಕೂ ಎಳೆಯುತ್ತವೆ, ಅದು ಫೋರ್ ವೀಲ್ ಡ್ರೈವ್ ಅಂದ ಇನ್ನೊಬ್ಬ. ಎರಡು ಚಕ್ರ ಸುಮ್ನೆ ಉರುಳುತ್ತಿವೆ, ಅದು ಬರೀ ಟ್ರೇಲರ್ ಅಂದೆ ನಾನು. ಚಕ್ರ ದೊಡ್ಡದು, ಸೀಟು ಎತ್ತರ. ಜೋರಾಗಿ ತಿರುಗಿಸಿದರೆ ಜಾರುವ ಮೊದಲೇ ಮಗುಚಿಕೊಳ್ಳುತ್ತದೆ. ಈ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಮಾತು ಹಾರ್ಸ್‌ಪವರಿಗೆ ಹೋಯಿತು. “ಒಂದೇ ಕುದುರೆ, ಒಂದೇ ಹಾರ್ಸ್‌ಪವರ್, ಡ್ರಿಫ್ಟಿಗೆ ಎಲ್ಲಿ ಸಾಲುತ್ತೆ?” ಅಂದ ನಮ್ಮ ಯೆಜ್ಡಿ ಬೈಕಿನ ಗೆಳೆಯ. ವಿಷಯ ಅಷ್ಟು ಸುಲಭವಿಲ್ಲ. ಜೇಮ್ಸ್ ವಾಟ್ ಹಾಕಿದ ಲೆಕ್ಕ, ಅಂದರೆ ಈಗಿನ 746 ವಾಟ್, ಕುದುರೆ ಹೊತ್ತುಗಟ್ಟಲೆ ದುಡಿಯುವಾಗಿನದು. ಒಂದೆರಡು ಕ್ಷಣ ಜೀವ ಬಿಟ್ಟು ಎಳೆದರೆ ಅದೇ ಕುದುರೆ ಸುಮಾರು 15 ಹಾರ್ಸ್‌ಪವರ್ ಕೊಡಬಲ್ಲದು ಅಂತ 1993ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಇದನ್ನು ಹೇಳಿದ್ದಕ್ಕೆ ಯೆಜ್ಡಿಯವನಿಗೆ ಸಿಟ್ಟು ಬಂತು. ಅವನ ಬೈಕಿನ ತಾಕತ್ತೂ ಹತ್ತಿರ ಹತ್ತಿರ ಅಷ್ಟೇ. ಯೆಜ್ಡಿ ತಯಾರಾಗುತ್ತಿದ್ದ ಮೈಸೂರಿನ ಯಾದವಗಿರಿ ಫ್ಯಾಕ್ಟರಿ 1996ರಲ್ಲಿ ಮುಚ್ಚಿದ್ದನ್ನೇ ಅವನು ಇನ್ನೂ ಸಹಿಸಿಕೊಂಡಿಲ್ಲ. ಈಗ ಕುದುರೆ ಜೊತೆ ಹೋಲಿಕೆ ಬೇರೆ.

ತೀರ್ಪಿಗಾಗಿ ಟಾಂಗಾದವರ ಹತ್ತಿರವೇ ಹೋದೆವು. ವಯಸ್ಸಾದವರು. ಕುದುರೆ ಬಾಯಿಗೆ ಹುರುಳಿ ಚೀಲ ಕಟ್ಟುತ್ತಿದ್ದರು.

“ಯಜಮಾನ್ರೇ, ಈ ಗಾಡೀನ ತಿರುವಲ್ಲಿ ಅಡ್ಡ ಜಾರಿಸಬಹುದಾ?”

ಅವರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. “ಮಳೇಲಿ ಲಾಳ ಸವೆದಿದ್ರೆ ತಾನಾಗೇ ಜಾರ್ತದೆ ಸಾರ್. ಜಾರಬಾರ್ದು ಅಂತಲೇ ನಾವು ದುಡ್ಡು ಖರ್ಚು ಮಾಡೋದು.”

“ಹ್ಯಾಂಡ್‌ಬ್ರೇಕ್ ಇದೆಯಾ?” ಅಂದ ಜಪಾನು.

“ಲಗಾಮಿದೆ. ಅರಮನೆ ರೌಂಡ್ ಹೋಗೋದಿದ್ರೆ ಹತ್ತಿ. ಇಲ್ಲಾಂದ್ರೆ ಇಲ್ಲಿ ಕೂಗಾಡಬೇಡಿ, ಕುದುರೆಗೆ ಗಾಬರಿ.”

ಹತ್ತಿದೆವು. ಎಲ್ಲರೂ ಹಿಂದೆಯೇ ಕೂತಿದ್ದರಿಂದ ಗಾಡಿಯ ಮೂತಿ ಮೇಲಕ್ಕೆದ್ದಿತು. ಯಜಮಾನರು ಯೆಜ್ಡಿಯವನ ಹೊಟ್ಟೆ ನೋಡಿ, “ನೀವು ಮುಂದೆ ಬನ್ನಿ” ಅಂದರು. ಇನ್ನೊಬ್ಬನನ್ನು ಎಡಕ್ಕೆ ಸರಿಸಿದರು. ಗಾಡಿ ಸಮ ಆಯಿತು. “ವೆಯ್ಟ್ ಡಿಸ್ಟ್ರಿಬ್ಯೂಷನ್!” ಅಂತ ಜಪಾನು ಗದ್ಗದಿತನಾದ. ಸವಾರಿ ಪೂರ್ತಿ ಟಾಂಗಾ ಒಂದಿಂಚೂ ಜಾರಲಿಲ್ಲ.

ಅದಾದ ಮೇಲೆ ಒಂದು ಜನವರಿ ಭಾನುವಾರ ಮೇಲುಕೋಟೆಗೆ ಹೊರಟೆವು. ನೆಪ ದೇವರು, ಉದ್ದೇಶ ಪುಳಿಯೋಗರೆ. ಜಪಾನಿನ ಕಾರು ಎಲ್ಲಕ್ಕಿಂತ ಮುಂದೆ. ಅದು ಮುಂದಿನ ಚಕ್ರದಿಂದ ಎಳೆಯುವ ಸಣ್ಣ ಕಾರು. ಡ್ರಿಫ್ಟಿಗೆ ಒಗ್ಗುವ ಜಾತಿಯೇ ಅಲ್ಲ. ಆದರೂ ಹಿಂದೆ ರೆಕ್ಕೆ, ಕೆಳಗೆ ಗುಡುಗುಡು ಸೈಲೆನ್ಸರ್. ಕಾರನ್ನು ಎಷ್ಟು ತಗ್ಗಿಸಿದ್ದಾನೆ ಅಂದರೆ ನಮ್ಮೂರಿನ ಹಂಪುಗಳನ್ನು ಓರೆಯಾಗಿ ದಾಟಬೇಕು.

ಪಾಂಡವಪುರ ದಾಟಿದ ಮೇಲೆ ಒಂದು ತಿರುವಿನಲ್ಲಿ ರಸ್ತೆ ತುಂಬ ಹುರುಳಿ ಹರಡಿದ್ದರು. ಮಂಡ್ಯ ಕಡೆಯವರಿಗೆ ಇದು ಹೊಸದಲ್ಲ. ಸಗಣಿ ಸಾರಿಸಿ ಕಣ ಮಾಡಿ, ಎತ್ತು ಕಟ್ಟಿ ರೋಣಗಲ್ಲು, ಅಂದರೆ ಕಾಳು ಒಕ್ಕುವ ಕಲ್ಲಿನ ಉರುಳೆ, ಎಳೆಸುವ ಕಾಲ ಹೋಯಿತು. ಆಳು ಸಿಗುವುದಿಲ್ಲ. ಡಾಂಬರು ಕಣಕ್ಕಿಂತ ಗಟ್ಟಿ, ಒಕ್ಕಣೆ ಮಾಡಲು ನಮ್ಮಂಥವರ ಟೈರು ಪುಕ್ಕಟೆ. ಬೈಕಿನವರು ಬೀಳುತ್ತಾರೆ, ಹುಲ್ಲು ಕೆಳಗೆ ಸುತ್ತಿಕೊಂಡು ಕಾರಿಗೆ ಬೆಂಕಿ ಹತ್ತಿದ್ದೂ ಇದೆ. ಹೀಗೆ ಮಾಡಬಾರದು. ಆದರೆ ಪ್ರತಿ ಸುಗ್ಗಿಯಲ್ಲೂ ಮಾಡುತ್ತಾರೆ.

ಜಪಾನು ಬ್ರೇಕ್ ಒತ್ತಿದ. ಕಾರಿನ ಹಿಂಭಾಗ ನಿಧಾನಕ್ಕೆ ಎಡಕ್ಕೆ ಹೊರಟಿತು. ಕಾರು ಅಡ್ಡಡ್ಡ ಜಾರಿತು, ಪೂರ್ತಿ ಸುತ್ತಿತು, ಕೊನೆಗೆ ನಮಗೆ ಮುಖ ಮಾಡಿ ನಿಂತಿತು. ಗಾಜಿನ ಹಿಂದೆ ಜಪಾನು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಕಣ್ಣು ಮುಚ್ಚಿಕೊಂಡು ಕೂತಿದ್ದ. ಇಷ್ಟು ವರ್ಷ ಕಾದ ಡ್ರಿಫ್ಟನ್ನು ಅವನೊಬ್ಬನೇ ನೋಡಲಿಲ್ಲ.

ನಾವು ಓಡಿಹೋಗಿ ಕಾರಿನ ಕೆಳಗಿನ ಹುಲ್ಲು ಎಳೆಯತೊಡಗಿದೆವು. ಪಕ್ಕದ ಹುಣಸೆಮರದ ಕೆಳಗೆ ಒಬ್ಬ ಅಜ್ಜಿ ಮೊರದಲ್ಲಿ ಹುರುಳಿ ತೂರುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆವು.

“ಯಾಕಪ್ಪಾ ನಿಂತ್ಕಂಡೆ? ಆ ಮಗ್ಗುಲು ಇನ್ನೂ ಉದುರಿಲ್ಲ. ಅಂಗೇ ಇನ್ನೊಂದ್ ಕಿತ ತಿರುಗ್ಸು.”

ಜಪಾನು ಕೆಳಗಿಳಿಯಲು ನೋಡಿದ. ಅಜ್ಜಿ ಬಿಡಲಿಲ್ಲ. ಅವನು ಫಸ್ಟ್ ಗೇರಿನಲ್ಲಿ ಹೆದರಿಕೊಂಡು ಒಂದು ಸುತ್ತು ಬಂದ.

“ಮೊದಲ್ನೇದೇ ಚೆನ್ನಾಗಿತ್ತು. ಇದೇನು, ಹೆಣ್ಣು ನೋಡಕ್ ಹೋಗೋರ್ ಥರ ಹೋಯ್ತಾ ಇದೀಯ?” ಅಂದರು ಅಜ್ಜಿ. ಆಮೇಲೆ ನಮ್ಮ ಕಡೆ ತಿರುಗಿದರು. “ನೀವ್ಯಾಕ್ ಸುಮ್ನೆ ನಿಂತಿದ್ದೀರಿ? ನಿಮ್ಮವೂ ಕಾರೇ ತಾನೆ?”

ಅಲಾಯ್ ವೀಲು, ದುಬಾರಿ ಟೈರು ಹಾಕಿಸಿದ ಕಾರುಗಳೆಲ್ಲ ಸಾಲಾಗಿ ಹುರುಳಿ ಮೇಲೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಯೆಜ್ಡಿಯವನು ಕೋಲು ಹಿಡಿದು ಹುಲ್ಲು ಮಗುಚುತ್ತಿದ್ದ. ಬೈಕಿನ ಬೆಂಬಲಿಗನಿಗೆ ಬೇರೆ ಕೆಲಸ ಇರಲಿಲ್ಲ.

ಅಷ್ಟರಲ್ಲಿ ಮೇಲುಕೋಟೆ ಕಡೆಯಿಂದ ಸರ್ಕಾರಿ ಬಸ್ಸು ಬಂತು. ಹಿಂದೆ ಜೋಡಿ ಟೈರು, ಒಳಗೆ ನಿಂತುಕೊಳ್ಳಲೂ ಜಾಗವಿಲ್ಲದಷ್ಟು ಜನ. ತಿರುವಿನಲ್ಲಿ ಒಂದಿಷ್ಟೂ ಅಲುಗದೆ, ಹಾರ್ನ್ ಹೊಡೆದುಕೊಂಡು ಹುರುಳಿ ಮೇಲೆ ಸೀದಾ ಹೋಯಿತು. ಪಟಪಟ ಅಂತ ಕಾಯಿ ಒಡೆದ ಸದ್ದು ನಮಗೂ ಕೇಳಿಸಿತು.

ಅಜ್ಜಿ ಎದ್ದು ಬಂದು ಒಂದು ಹಿಡಿ ಎತ್ತಿ ನೋಡಿದರು.

“ಸಾಕು, ನೀವ್ ಹೊರಡಿ,” ಅಂದರು.