ಊಟ ಹಾಕಿದ್ರಲ್ಲ ಅಂದ್ಬಿಟ್ರೆ ಮುಗೀತಾ?

ನಿನ್ನೆ ರಾತ್ರಿ ಮಾಮತ್‌ನಿಂದ ವಾಪಸ್ ಬಂದ್ವಿ. ಬಟ್ಟೆ ಇನ್ನೂ ಬ್ಯಾಗಲ್ಲೇ ಇದೆ, ಬೆಳಗ್ಗೆ ಎದ್ದು ಆಫೀಸಿಗೆ ಹೋಗ್ಬೇಕು, ಆದ್ರೆ ಇದನ್ನ ಬರೀದೇ ಮಲಗಿದ್ರೆ ನಂಗೆ ನಿದ್ದೆ ಬರಲ್ಲ. ಓದೋರು ಓದಿ.

ನಿಮಗೆ ಗೊತ್ತಲ್ಲ, ಪ್ರತಿ ವರ್ಷ ಲಾಸ್ ಏಂಜಲಿಸ್‌ನಿಂದ 395 ಹೈವೇ ಹಿಡಿದು ಮೇಲಕ್ಕೆ ಹೋಗೋದು ನಮ್ಮನೇಲಿ ರೂಢಿ. ಲೋನ್ ಪೈನ್ ದಾಟಿ ಸ್ವಲ್ಪ ಮುಂದಕ್ಕೆ ಎಡಗಡೆ ಮಂಜನಾರ್ ಅಂತ ಬೋರ್ಡು ಬರುತ್ತೆ, ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನಲ್ಲಿದ್ದ ಜಪಾನಿ ಮೂಲದವರನ್ನ ಕೂಡಿಹಾಕಿದ್ದ ಕ್ಯಾಂಪು ಅದು, ಬಯಲಲ್ಲಿ ಒಂದು ಕಾವಲು ಗೋಪುರ ಕಾಣುತ್ತೆ, ಇಷ್ಟು ವರ್ಷ ಅದನ್ನ ನೋಡ್ಕೊಂಡು ಚಿಪ್ಸ್ ತಿಂತಾ ಮುಂದೆ ಹೋಗಿದ್ದೀವಿ. ಈ ಸಲ ಮಗಳು ಸ್ಕೂಲಲ್ಲಿ ಪಾಠ ಆಗಿದೆ, ನಿಲ್ಲಿಸಲೇಬೇಕು ಅಂತ ಹಠ ಹಿಡಿದ್ಲು. ಜೊತೇಲಿ ಇನ್ನೊಂದು ಕನ್ನಡದ ಫ್ಯಾಮಿಲಿ ಇತ್ತು.

ಒಳಗೆ ಆಗಿನ ಕಾಲದ ಮೆಸ್ ಕಟ್ಟಡ ಒಂದನ್ನ ತಂದು ನಿಲ್ಲಿಸಿದಾರೆ, ಉದ್ದುದ್ದ ಮರದ ಟೇಬಲ್ಲು, ಬೆಂಚು. ಅಲ್ಲಿ ನಿಂತ್ಕೊಂಡು ನಮ್ಮ ಜೊತೆ ಬಂದಿದ್ದೋರು ಹೇಳಿದ್ರು: "ಊಟ ಹಾಕಿದಾರಲ್ರೀ ಮೂರು ಹೊತ್ತೂ. ಸ್ಕೂಲಿತ್ತು, ಆಸ್ಪತ್ರೆ ಇತ್ತು, ಬೇಸ್‌ಬಾಲ್ ಬೇರೆ ಆಡಿದಾರೆ. ನಮ್ಮ ಹಾಸ್ಟೆಲ್ ಮೆಸ್ ಇದಕ್ಕಿಂತ ಕಡೆಯಾಗಿತ್ತು."

ಹಾಸ್ಟೆಲ್ಲಂತೆ! ಹಾಸ್ಟೆಲ್ಲಿಗೆ ನಾವು ಅಪ್ಲಿಕೇಶನ್ ಹಾಕಿ ಹೋದ್ವಿ. ಶನಿವಾರ ಸಾಯಂಕಾಲ ಊರಿನ ಬಸ್ ಹತ್ತಿದ್ರೆ ಯಾರೂ ಗುಂಡು ಹಾರಿಸ್ತಿರಲಿಲ್ಲ. ಇಲ್ಲಿ ಮುಳ್ಳುತಂತಿ, 8 ಗೋಪುರ, ಮೇಲೆ ಸರ್ಚ್‌ಲೈಟು, ಬಂದೂಕು ಹಿಡಿದ ಸಿಪಾಯಿಗಳು.

1942 ಫೆಬ್ರವರಿ 19ಕ್ಕೆ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದ, 9066 ಅದರ ನಂಬರು. ಅದರ ಪ್ರಕಾರ ಮನೆ ಬಿಡಬೇಕಾಗಿ ಬಂದ ಪಶ್ಚಿಮ ಕರಾವಳಿಯ ಜಪಾನಿ ಮೂಲದವರು ಎಲ್ಲಾ ಸೇರಿ ಸುಮಾರು 1,20,000 ಜನ, ಅದ್ರಲ್ಲಿ ಮೂರನೇ ಎರಡು ಪಾಲು ಅಮೆರಿಕದ ಪ್ರಜೆಗಳು, ಕೈಯಲ್ಲಿ ಹೊತ್ಕೊಳ್ಳೋ ಅಷ್ಟು ಸಾಮಾನು ಮಾತ್ರ ತಗೊಂಡು, ಕುಟುಂಬಕ್ಕೊಂದು ನಂಬರಿನ ಚೀಟಿ ಕೋಟಿಗೆ ಕಟ್ಕೊಂಡು ಹೊರಟ್ರು. ಕೆಲವರನ್ನ ಮೊದಲು ಸಾಂಟಾ ಅನಿತಾದ ರೇಸ್‌ಕೋರ್ಸಲ್ಲಿ ಕುದುರೆ ಲಾಯದಲ್ಲಿ ಇಟ್ಟಿದ್ರು. ನಾವು ಆ ರೇಸ್‌ಕೋರ್ಸ್ ಪಕ್ಕದ ಮಾಲಿಗೆ ತಿಂಗಳಿಗೆ ಎರಡು ಸಲ ಹೋಗ್ತೀವಿ. ನನಗೆ ಗೊತ್ತೇ ಇರ್ಲಿಲ್ಲ.

ಮಂಜನಾರಲ್ಲಿ 10,000 ಜನ ಇದ್ರು, 36 ಬ್ಲಾಕು, ಒಂದೊಂದು ಬ್ಲಾಕಲ್ಲಿ 14 ಬ್ಯಾರಕ್ಕು. 20 ಅಡಿಗೆ 25 ಅಡಿಯ ಒಂದು ಕೋಣೇಲಿ ಎಂಟು ಜನ. ಹುಲ್ಲು ತುಂಬಿದ ಹಾಸಿಗೆ, ಚಳಿಗೆ ಕೋಣೆ ಬೆಚ್ಚಗಿಡೋಕೆ ಒಂದು ಎಣ್ಣೆ ಸ್ಟೋವು, ನೇತಾಡೋ ಒಂದು ಬಲ್ಬು. ಹಸಿ ಮರದ ಹಲಗೆ ಒಣಗಿ ಬಿರುಕು ಬಿಟ್ಟು, ಗಂಟು ಉದುರಿದ ಕಡೆಯೆಲ್ಲ ತೂತು, ಆ ತೂತಿಂದ ಮರಳು ಮನೆಯೊಳಕ್ಕೆ. ಡಬ್ಬಿಗಳ ಮುಚ್ಚಳ ಹೊಡೆದು ಅವನ್ನ ಮುಚ್ತಿದ್ರಂತೆ. ನಾವಿದ್ದ ಮುಕ್ಕಾಲು ಗಂಟೇಲೇ ಗಾಳಿ ಎದ್ದು ನನ್ನ ಹಲ್ಲಲ್ಲಿ ಮರಳು ಕರಕರ ಅಂತಿತ್ತು, ಅವರು ಮೂರು ವರ್ಷ ಇದ್ರು.

ಈಗ ಊಟದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನನಗೆ ಸಿಟ್ಟು ಬಂದಿದ್ದು ಅಲ್ಲೇ. ಆ ಕೋಣೇಲಿ ಅಡುಗೆ ಒಲೆ ಇರ್ಲಿಲ್ಲ ರೀ. ಯಾರ ಮನೇಲೂ ಅಡುಗೆಮನೆ ಇರ್ಲಿಲ್ಲ. ಬ್ಲಾಕಿಗೊಂದು ಮೆಸ್ಸು, ಗಂಟೆ ಹೊಡೆದಾಗ ಹೋಗಿ ಬಿಸಿಲಲ್ಲಿ, ಗಾಳೀಲಿ ಕ್ಯೂ ನಿಂತು ತಟ್ಟೆ ಒಡ್ಡಬೇಕು. ಮೊದಲ ದಿನಗಳಲ್ಲಿ ಮಿಲಿಟರಿಯವರ ಡಬ್ಬಿ ಊಟ. ಬಿಸಿ ಅನ್ನದ ಮೇಲೆ ಡಬ್ಬಿಯ ಏಪ್ರಿಕಾಟ್ ಹಣ್ಣು, ಅದರ ಸಕ್ಕರೆ ಪಾಕ ಸಮೇತ ಸುರಿದು ಕೊಟ್ಟಿದ್ದನ್ನ ಅಲ್ಲಿದ್ದೋರು ನೆನೆಸ್ಕೊಂಡಿದಾರೆ. ಜಪಾನಿನವರು ಸಾಮಾನ್ಯವಾಗಿ ಊಟದ ಅನ್ನದ ಜೊತೆ ಸಿಹಿ ತಿನ್ನಲ್ಲ. ನಮ್ಮ ಅನ್ನ ಸಾರಿನ ತಟ್ಟೆಗೆ ಯಾರೋ ಬಂದು ಜಾಮೂನಿನ ಪಾಕ ಸುರಿದು ತಿನ್ನು ಅಂದ್ರೆ ಹೇಗಿರುತ್ತೆ ಯೋಚ್ನೆ ಮಾಡಿ. ಆಮೇಲೆ ಅವರೇ ಅಡುಗೆಗೆ ನಿಂತ್ರು, ತರಕಾರಿ ಬೆಳೆದ್ರು, ಕ್ಯಾಂಪೊಳಗೇ ತೋಫು, ಸೋಯಾ ಸಾಸ್ ಮಾಡಿದ್ರು, ರುಚಿ ಸುಧಾರಿಸ್ತು. ಆದ್ರೆ ಮನೆ ಊಟ ಅನ್ನೋದು ಹೋಗೇ ಹೋಯ್ತು. ಮಕ್ಕಳು ಫ್ರೆಂಡ್ಸ್ ಜೊತೆ ಬೇರೆ ಟೇಬಲ್ಲಿಗೆ ಹೋದ್ರು, ಅಪ್ಪ ಒಂದು ಕಡೆ, ಕೂಸು ಹಿಡ್ಕೊಂಡು ಅಮ್ಮ ಇನ್ನೊಂದು ಕಡೆ. ದಿನಕ್ಕೊಂದು ಸಲ ಎಲ್ಲರೂ ಒಟ್ಟಿಗೆ ಕೂತು, ಇವನು ಸರಿಯಾಗಿ ತಿಂದನಾ, ಇವಳ ಮುಖ ಯಾಕೆ ಹೀಗಿದೆ ಅಂತ ಗಮನಿಸೋ ಆ ಅರ್ಧ ಗಂಟೆಯನ್ನ ಕಿತ್ಕೊಂಡ್ರು. ಇದನ್ನ ಊಟ ಹಾಕಿದ್ರು ಅಂತೀರಾ?

ಇಲ್ಲಿ ಒಂದು ಮಾತು ಹೇಳ್ಕೋಬೇಕು. ಹೋದ ವರ್ಷ ಅಮ್ಮ ಬಂದಿದ್ರಲ್ಲ, ಮಂಡಿ ನೋವು ಅಂತ ನಾನು ಅವರನ್ನ ಒಲೆ ಹತ್ರ ಬಿಡಲೇ ಇಲ್ಲ. ಎಲ್ಲಾ ಆರ್ಡರ್ ಮಾಡ್ತಿದ್ದೆ, ಇಲ್ಲ ನಾನೇ ಏನೋ ಬೇಯಿಸಿ ಹಾಕ್ತಿದ್ದೆ. ಮೂರು ವಾರ ಆದ್ಮೇಲೆ ಒಂದಿನ ಅಮ್ಮ "ಒಂದು ಒಗ್ಗರಣೆಯಾದ್ರೂ ಹಾಕ್ತೀನಿ ಬಿಡೇ, ಕೈ ಮರ್ತೇ ಹೋಗ್ತಿದೆ" ಅಂದ್ರು, ಕಣ್ಣಲ್ಲಿ ನೀರಿತ್ತು. ನಾನು ರೇಗಿದೆ. ಆ ಕ್ಯಾಂಪಿಗೂ ಇದಕ್ಕೂ ಹೋಲಿಕೆ ಮಾಡೋ ಮಾತೇ ಇಲ್ಲ, ನನ್ನದು ಪ್ರೀತಿಯ ಕುರುಡು ಅಷ್ಟೇ. ಆದ್ರೆ ಆ ಮೆಸ್ಸಲ್ಲಿ ನಿಂತಾಗ ನನಗೆ ಅಮ್ಮನ ಮುಖವೇ ಕಣ್ಮುಂದೆ ಬಂತು.

ಮೆಸ್ಸಿಂದ ಆಚೆ ಬಂದು ಹೆಂಗಸರ ಟಾಯ್ಲೆಟ್ ನೋಡಿ, ಹಳೇ ಥರದ್ದೇ ಮತ್ತೆ ಕಟ್ಟಿದಾರೆ. ಕಮೋಡುಗಳು ಸಾಲಾಗಿ, ಬೆನ್ನಿಗೆ ಬೆನ್ನು ಕೊಟ್ಟು, ಮಧ್ಯೆ ಒಂದು ಹಲಗೆ ಕೂಡ ಇಲ್ಲ. ರೋಗ ಬರದಿರಲಿ ಅಂತ ಹಾಕಿದ ಚುಚ್ಚುಮದ್ದು, ಕೆಟ್ಟ ಊಟ ಎರಡೂ ಸೇರಿ ಮೊದಲ ತಿಂಗಳುಗಳಲ್ಲಿ ಇಡೀ ಕ್ಯಾಂಪಿಗೆ ಭೇದಿ ಹಿಡಿದಿತ್ತು. ವಯಸ್ಸಾದ ಹೆಂಗಸರು ರಟ್ಟಿನ ಪೆಟ್ಟಿಗೆ ಹಿಡ್ಕೊಂಡು ಹೋಗಿ ಸುತ್ತ ಮರೆ ಮಾಡ್ಕೊಂಡು ಕೂರ್ತಿದ್ರು. ಎಷ್ಟೋ ಜನ ಯಾರೂ ಇರಲ್ಲ ಅಂತ ಮಧ್ಯರಾತ್ರಿವರೆಗೆ ತಡ್ಕೊಂಡಿರೋರು. ನನ್ನ ಮಗಳು, ಹದಿಮೂರು ಅವಳಿಗೆ, ಬಾಗಿಲಲ್ಲೇ ನಿಂತ್ಬಿಟ್ಲು, ಒಳಗೆ ಕಾಲಿಡ್ಲಿಲ್ಲ.

ಆ ಸ್ನೇಹಿತರು ಕಾರಲ್ಲಿ ಇನ್ನೊಂದು ತೆಗೆದ್ರು. ಯುದ್ಧ ಕಾಲ, ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿತ್ತು, ಯಾರು ಗೂಢಚಾರ ಅಂತ ಹೇಗೆ ಗೊತ್ತಾಗುತ್ತೆ, ರಿಸ್ಕ್ ತಗೊಳ್ಳೋಕಾಗುತ್ತಾ ಅಂತ. ಸರಿ, ಹಾಗಾದ್ರೆ ಪರ್ಲ್ ಹಾರ್ಬರ್ ಇರೋದೆಲ್ಲಿ? ಹವಾಯಿಯಲ್ಲಿ. ಅಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ ಜಪಾನಿ ಮೂಲದವರೇ, ಅಲ್ಲಿ ಹೀಗೆ ಎಲ್ಲರನ್ನೂ ಎತ್ತಾಕ್ಕೊಂಡು ಹೋಗ್ಲಿಲ್ಲ, ಹೋಗಿದ್ರೆ ದ್ವೀಪದ ಕೆಲಸವೇ ನಿಂತೋಗ್ತಿತ್ತು. ಮತ್ತೆ ಮಂಜನಾರಲ್ಲಿ ಅನಾಥಾಶ್ರಮ ಇತ್ತು, ಲಾಸ್ ಏಂಜಲಿಸ್, ಸ್ಯಾನ್ ಫ್ರಾನ್ಸಿಸ್ಕೋದ ಅನಾಥ ಮಕ್ಕಳನ್ನೂ ಬಿಡದೆ ತಂದು ಇಟ್ಟಿದ್ರು, ಒಟ್ಟು 101 ಮಕ್ಕಳು, ತೊಟ್ಟಿಲ ಕೂಸುಗಳೂ ಇದ್ವು. ಅವು ಯಾವ ಹಡಗಿನ ಗುಟ್ಟು ಕಳಿಸ್ತಿದ್ವು ಹೇಳಿ.

ಇದು ಅಮೆರಿಕದೋರ ಕಥೆ, ನಮಗೇನು ಅನ್ನೋರಿಗೆ: 1962ರ ಯುದ್ಧದಲ್ಲಿ ನಾವೂ ಇದನ್ನೇ ಮಾಡಿದೀವಿ. ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯ ಸುಮಾರು 3,000 ಚೀನೀ ಮೂಲದವರನ್ನ ರೈಲಲ್ಲಿ ತುಂಬ್ಕೊಂಡು ಹೋಗಿ ರಾಜಸ್ಥಾನದ ದೇವ್ಲಿ ಕ್ಯಾಂಪಲ್ಲಿ ಇಟ್ವಿ, ಕೆಲವರು ವರ್ಷಗಟ್ಟಲೆ ಅಲ್ಲೇ ಇದ್ರು, ಅಲ್ಲೇ ಮಕ್ಕಳು ಹುಟ್ಟಿದ್ವು. ಅಮೆರಿಕ 1988ರಲ್ಲಾದ್ರೂ ಕಾನೂನು ಮಾಡಿ ಕ್ಷಮೆ ಕೇಳಿ, ಬದುಕಿದ್ದೋರಿಗೆ ತಲಾ 20,000 ಡಾಲರ್ ಕೊಡ್ತು. ನಮ್ಮ ಸರ್ಕಾರ ಇವತ್ತಿಗೂ ಕ್ಷಮೆ ಕೇಳಿಲ್ಲ. ಅಲ್ಲೂ ಊಟ ಹಾಕಿದ್ರು ಬಿಡಿ.

ಮಂಜನಾರಿನ ಜನ ನಗ್ತಿರೋ ಫೋಟೋ ತೋರಿಸಿದ್ರು ಆ ಸ್ನೇಹಿತರು, ಫೋನಲ್ಲಿ ಹುಡುಕಿ. ಆನ್ಸೆಲ್ ಆಡಮ್ಸ್ ತೆಗೆದಿದ್ದು. ಆತ ದೊಡ್ಡ ಫೋಟೋಗ್ರಾಫರ್, ಆ ಜನರ ಮೇಲೆ ಗೌರವ ಇಟ್ಕೊಂಡೇ ತೆಗೆದಿದ್ದು, ಆದ್ರೆ ಗೋಪುರ, ಮುಳ್ಳುತಂತಿ ತೆಗೆಯೋಹಾಗಿರ್ಲಿಲ್ಲ. ಡೊರೊಥಿಯಾ ಲ್ಯಾಂಗ್‌ಳನ್ನ ಸರ್ಕಾರವೇ ಕೆಲಸಕ್ಕೆ ಇಟ್ಕೊಂಡು, ಅವಳು ಇದ್ದಿದ್ದನ್ನ ಇದ್ದ ಹಾಗೇ ತೆಗೆದಾಗ ಆ ಫೋಟೋಗಳನ್ನ ಯುದ್ಧ ಮುಗಿಯೋವರೆಗೆ ಮುಚ್ಚಿಟ್ರು. ಒಳಗಿದ್ದ ತೋಯೋ ಮಿಯಾಟಾಕೆ ಒಂದು ಲೆನ್ಸನ್ನ ಕದ್ದುಮುಚ್ಚಿ ತಂದು, ಮರದ ಪೆಟ್ಟಿಗೆ ಮಾಡಿಸಿ ಕ್ಯಾಮೆರಾ ಮಾಡ್ಕೊಂಡ. ಫೋಟೋ ನೋಡೋದಾದ್ರೆ ಅವನದ್ದೂ ನೋಡಿ.

ಊಟ ಊಟ ಅಂತೀರಲ್ಲ, ಇದನ್ನೂ ಕೇಳಿ. ಹ್ಯಾರಿ ಉಎನೋ ಅಂತ 22ನೇ ಬ್ಲಾಕಿನ ಮೆಸ್ಸಿನ ಅಡುಗೆಯವನು. ನಮ್ಮ ಪಾಲಿನ ಸಕ್ಕರೆ, ಮಾಂಸ ಅಧಿಕಾರಿಗಳ ಕೈಯಲ್ಲಿ ಮಾಯ ಆಗ್ತಿದೆ ಅಂತ ಬಾಯಿಬಿಟ್ಟು ಕೇಳಿದ, ಅಡುಗೆಯವರ ಸಂಘ ಕಟ್ಟಿದ. 1942ರ ಡಿಸೆಂಬರಲ್ಲಿ ಯಾರಿಗೋ ಹೊಡೆದ ಅನ್ನೋ ಅನುಮಾನದ ಮೇಲೆ ಅವನನ್ನ ಹಿಡಿದ್ರು, ಬಿಡಿ ಅಂತ ಜನ ಸೇರಿದ್ರು, ಸಿಪಾಯಿಗಳು ಗುಂಡು ಹಾರಿಸಿದ್ರು. ಇಬ್ಬರು ಸತ್ರು, ಒಬ್ಬನಿಗೆ 17, ಇನ್ನೊಬ್ಬನಿಗೆ 21. ಉಎನೋನ ವಿಚಾರಣೆಯೇ ಇಲ್ಲದೆ ಬೇರೆ ಬೇರೆ ಕಡೆ ಕೂಡಿಹಾಕಿದ್ರು.

ಅದಕ್ಕೂ ಮೊದಲು ಅವನು ತನ್ನ ಮೆಸ್ಸಿನ ಹೊರಗೆ ಒಂದು ಕೊಳ ಮಾಡಿದ್ದ. ಊಟಕ್ಕೆ ಕ್ಯೂ ನಿಂತೋರಿಗೆ ನೋಡೋಕೆ ಏನಾದ್ರೂ ಇರ್ಲಿ ಅಂತ. ಕಲ್ಲು ಜೋಡಿಸಿ ಕಟ್ಟಿದ್ದು ಇನ್ನೂ ಇದೆ, ನೀರಿಲ್ಲ. ನಾನೂ ಮಗಳೂ ಅದರ ದಂಡೆ ಹತ್ರ ನಿಂತಿದ್ವಿ, ಅವರೆಲ್ಲ ಕಾರಲ್ಲಿ ಕೂತು ಹಾರ್ನ್ ಮಾಡ್ತಿದ್ರು, ಮುಂದಿನ ಬಿಷಪ್ ಅನ್ನೋ ಊರಲ್ಲಿ ಊಟಕ್ಕೆ ಲೇಟಾಗುತ್ತೆ ಅಂತ.