ಆ ಮಾತ್ರೆ ಡಬ್ಬಿ ಸದ್ದು

ಎಚ್‌ಐವಿ ಕೌನ್ಸೆಲಿಂಗ್ ಕೆಲಸ ಮಾಡ್ತಿದ್ದಾಗ ಒಬ್ಬ ಹೆಣ್ಮಗಳು ಹೇಳಿದ್ದು ಇವತ್ತಿಗೂ ಕಿವೀಲಿದೆ. "ಅಕ್ಕ, ಡಬ್ಬಿ ಅಲ್ಲಾಡಿದ್ರೆ ಮಾತ್ರೆ ಸದ್ದು ಮಾಡತ್ತೆ, ನಮ್ಮನೆಯವ್ರಿಗೆ ಕೇಳ್ಸಿದ್ರೆ ನನ್ನ ಉಳ್ಸಲ್ಲ" ಅಂದ್ಳು. ಒಳಗೆ ಹತ್ತಿ ತುರುಕಿ ಮುಚ್ಚಳ ಹಾಕಿ ಕೊಟ್ಟೆ. ಕಿವಿ ಹತ್ರ ಹಿಡಿದು ಎರಡು ಸಲ ಅಲ್ಲಾಡಿಸಿ ನೋಡಿ ಆಮೇಲೇ ಬ್ಯಾಗಿಗೆ ಹಾಕ್ಕೊಂಡಿದ್ದು. ಅವಳಿಗೆ ಸೋಂಕು ತಂದವನೂ ಆ ಗಂಡನೇ, ಬೇಡ ಅಂದ ರಾತ್ರಿ ಹೊಡೆದು ಬಲವಂತ ಮಾಡ್ತಿದ್ದವನೂ ಅವನೇ.

ಲೈಂಗಿಕ ದೌರ್ಜನ್ಯದಿಂದ ಎಚ್‌ಐವಿ ಬರತ್ತೆ ಅಂದ್ರೆ ಜನರ ತಲೇಲಿ ಬರೋದು ಕತ್ತಲು, ಗುರುತಿಲ್ಲದ ಗಂಡಸು, ಒಂದು ರಾತ್ರಿ. ಅದೂ ನಿಜ, ಬಲವಂತದಲ್ಲಿ ಒಳಗೆ ಗಾಯ ಆಗತ್ತೆ, ಗಾಯ ಆದ್ರೆ ವೈರಸ್‌ಗೆ ದಾರಿ ಸುಲಭ. ಆದ್ರೆ ಸೋಂಕಿರೋ ಗಂಡಸಿನ ಜೊತೆ ಯೋನಿ ಸಂಭೋಗ ಒಂದು ಸಲ ಆದ್ರೆ ಹೆಣ್ಣಿಗೆ ಸೋಂಕು ತಗಲೋ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ 8ರಷ್ಟು, ಗುದ ಸಂಭೋಗದಲ್ಲಿ 138ರಷ್ಟು. ಇದನ್ನ ಒಂದು ರಾತ್ರಿಗೆ ಲೆಕ್ಕ ಹಾಕ್ಬೇಡಿ, ವರ್ಷಗಟ್ಟಲೆ ಒಂದೇ ಮನೇಲಿ ಒಬ್ಬನೇ ಗಂಡಸಿನ ಕೈಲಿ, ಕಾಂಡೋಮ್ ಅನ್ನೋ ಮಾತು ಎತ್ತಿದ್ರೆ "ಯಾರ ಹತ್ರ ಹೋಗಿದ್ದೆ" ಅಂತ ಕಪಾಳಕ್ಕೆ ಬೀಳೋ ಮನೇಲಿ ಲೆಕ್ಕ ಹಾಕಿ.

ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ ಬಸುರಿ ತಪಾಸಣೆಗೆ ಬಂದ 1,366 ಹೆಂಗಸ್ರನ್ನ ಮಾತಾಡ್ಸಿ ಮಾಡಿದ ಅಧ್ಯಯನ 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ಸಂಗಾತಿ ಕೈಲಿ ಹಿಂಸೆ ಅನುಭವಿಸಿದವ್ರಲ್ಲಿ, ಎಲ್ಲಾದಕ್ಕೂ ಅವನ ಅಪ್ಪಣೆ ಬೇಕು ಅನ್ನೋ ಥರ ಬದುಕ್ತಿದ್ದವ್ರಲ್ಲಿ ಎಚ್‌ಐವಿ ಜಾಸ್ತಿ ಇತ್ತು. ಸೋಂಕು ಮೊದಲೋ ಹೊಡೆತ ಮೊದಲೋ ಅಂತ ಕೇಳ್ಬಹುದು, ನ್ಯಾಯವಾದ ಪ್ರಶ್ನೆನೇ. ಅದಕ್ಕೇ 2010ರಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ಮುಖ್ಯ ಅನ್ಸತ್ತೆ. ಅದೇ ದೇಶದ ಈಸ್ಟರ್ನ್ ಕೇಪ್‌ನಲ್ಲಿ ಸೋಂಕಿಲ್ಲದ 1,099 ಯುವತಿಯರನ್ನ ಹಿಂಬಾಲಿಸಿ ನೋಡಿದ್ರು, ಪದೇಪದೇ ಹಿಂಸೆ ಅನುಭವಿಸಿದವ್ರಿಗೆ ಹೊಸದಾಗಿ ಸೋಂಕು ತಗಲಿದ್ದು ಉಳಿದವ್ರಿಗಿಂತ ಸುಮಾರು ಒಂದೂವರೆ ಪಟ್ಟು. ಉಗಾಂಡದ ರಕಾಯ್‌ನಲ್ಲೂ ಹತ್ತಿರತ್ತಿರ ಇದೇ ಲೆಕ್ಕ. ಭಾರತದ ಕುಟುಂಬ ಆರೋಗ್ಯ ಸಮೀಕ್ಷೆಯ 28,139 ಮದುವೆಯಾದ ಹೆಂಗಸ್ರ ಮಾಹಿತಿ ನೋಡಿದ 2008ರ ಅಧ್ಯಯನದಲ್ಲಿ ಗಂಡನಿಂದ ಹೊಡೆತ ಮತ್ತು ಲೈಂಗಿಕ ಹಿಂಸೆ ಎರಡೂ ಕಂಡವ್ರಲ್ಲಿ ಸೋಂಕಿನ ಸಂಭವ ಹೆಚ್ಚುಕಮ್ಮಿ ನಾಲ್ಕು ಪಟ್ಟು. ಹೆಂಡ್ತಿಗೆ ಹಿಂಸೆ ಕೊಡೋ ಗಂಡಂದಿರಲ್ಲೇ ಎಚ್‌ಐವಿ ಜಾಸ್ತಿ ಅಂತ ಅದೇ ಸಮೀಕ್ಷೆ ಇಟ್ಕೊಂಡು ಮಾಡಿದ ಮುಂದಿನ ಅಧ್ಯಯನ ತೋರಿಸ್ತು. ಎಲ್ಲಾ ಕಡೆ ಹೀಗೇ ಬಂದಿಲ್ಲ, ಹತ್ತು ದೇಶಗಳ ಸಮೀಕ್ಷೆ ಒಟ್ಟಿಗೆ ನೋಡಿದವ್ರಿಗೆ ಇಂಥ ನಂಟು ಸಿಗ್ಲಿಲ್ಲ, ಅದನ್ನ ಮುಚ್ಚಿಡೋದು ತಪ್ಪು. ಆದ್ರೂ ಕಾಲಕ್ರಮ ನೋಡಿ ಹಿಂಬಾಲಿಸಿದ ಅಧ್ಯಯನಗಳ ಮಾತಿಗೆ ನಾನು ಹೆಚ್ಚು ಬೆಲೆ ಕೊಡ್ತೀನಿ.

ಅತ್ಯಾಚಾರ ಆದವ್ರಿಗೆ ಆಮೇಲೆ ಎಚ್‌ಐವಿ ತಗಲದ ಹಾಗೆ ತಡೆಯೋಕೆ ಪೆಪ್ ಅನ್ನೋ ಔಷಧಿ ಇದೆ, 72 ಗಂಟೆ ಒಳಗೆ ಶುರು ಆಗ್ಬೇಕು, ಎಷ್ಟು ಬೇಗ ಅಷ್ಟು ಒಳ್ಳೇದು, ದಿನಾ ತಪ್ಪದೆ 28 ದಿನ ತಗೋಬೇಕು. ದೂರು ಬರೆಸೋದು, ಹೇಳಿಕೆ ಕೊಡೋದು ಅಂತ ಕೂರ್ಸಿಕೊಂಡು ಒಂದೊಂದು ಗಂಟೆ ಕಳೆದಾಗ್ಲೂ ನನ್ನ ಹೊಟ್ಟೆ ಉರಿಯತ್ತೆ, ದಯವಿಟ್ಟು ಮೊದಲು ಮಾತ್ರೆ ಕೊಡ್ಸಿ, ಬಾಕಿದ್ದೆಲ್ಲ ಆಮೇಲೆ. ಆದ್ರೆ ಪೆಪ್ ಇರೋದು ಒಂದು ಸಲ ಆದ ಘಟನೆಗೆ. ನಾಳೆ ರಾತ್ರಿ ಅದೇ ಮಂಚಕ್ಕೆ ವಾಪಸ್ ಹೋಗೋಳಿಗೆ 28 ದಿನದ ಕೋರ್ಸ್ ಏನು ಮಾಡತ್ತೆ, ಅದನ್ನ ಎಲ್ಲಿ ಬಚ್ಚಿಡ್ತಾಳೆ?

ಅವಳಂಥವ್ರಿಗೆ ಬೇಕಾಗಿರೋದು ಸೋಂಕು ತಗಲೋಕೆ ಮುಂಚೇನೇ ಕಾಪಾಡೋ ಔಷಧಿ, ಅದೂ ಮನೇಲಿ ಯಾರ ಕಣ್ಣಿಗೂ ಬೀಳದ್ದು. 2024ರಲ್ಲಿ ದಕ್ಷಿಣ ಆಫ್ರಿಕಾ, ಉಗಾಂಡದಲ್ಲಿ ಅಂಥದ್ದೇ ಲೆನಾಕಪಾವಿರ್ ಅನ್ನೋ ಇಂಜೆಕ್ಷನ್ ತಗೊಂಡ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಿಲ್ಲ ಅಂತ ಬಂದಾಗ ಆ ಸುದ್ದಿನ ಮೂರು ಸಲ ಓದಿದೆ. ಆರು ತಿಂಗಳಿಗೆ ಒಂದ್ಸಲ ಹಾಕಿಸ್ಕೊಂಡ್ರೆ ಸಾಕು. ಅದು ಅವನ ಹೊಡೆತ ನಿಲ್ಲಿಸಲ್ಲ, ಅದಕ್ಕೆ ಬೇರೆ ಹೋರಾಟ ಆಗ್ಬೇಕು. ಆದ್ರೆ ಮನೇಲಿ ಡಬ್ಬಿ ಇರಲ್ಲ, ಹತ್ತಿ ತುರುಕೋ ಕೆಲಸ ಇರಲ್ಲ. ಅವಳಿಗಂತೂ ಅದು ಬರೋಷ್ಟರಲ್ಲಿ ತಡ ಆಗಿ ಹೋಗಿತ್ತು.